ಬಸವನಹುಳು ಮುಟ್ಟಿದರೆ ಮಿದುಳಿಗೆ ಹುಳ ಹೋಗುತ್ತದೆಯೇ? ಸಾಕುವವರು ತಿಳಿದಿರಬೇಕಾದ ಸಂಗತಿಗಳು

ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಹಿತ್ತಲುಗಳಲ್ಲಿ ಬಸವನಹುಳುಗಳದ್ದೇ ಓಡಾಟ. ಬಾವಿಕಟ್ಟೆ, ಬಾಳೆಯ ಬುಡ, ಪಾಚಿ ಹಿಡಿದ ಗೋಡೆ ಎಲ್ಲ ಕಡೆ ಅವು ಕಾಣುತ್ತವೆ. ಕೆಲವರು ಇದನ್ನು ಶಂಖದ ಹುಳು ಎಂದೂ ಕರೆಯುತ್ತಾರೆ. ಕಚ್ಚುವುದಿಲ್ಲ, ಓಡುವುದಿಲ್ಲ, ಮುಟ್ಟಿದರೆ ಕೊಂಬು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಮಕ್ಕಳು ಇದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಎಲೆ ಹಾಕಿ ಸಾಕುವುದು ಹೊಸದೇನಲ್ಲ. ಈಗ ರೀಲ್ಸ್ ನೋಡಿ ದೊಡ್ಡವರೂ ಸಾಕುತ್ತಿದ್ದಾರೆ. ಅಂಗೈ ಮೇಲೆ, ಕೆನ್ನೆ ಮೇಲೆ ಬಿಟ್ಟುಕೊಂಡು ಫೋಟೊ ತೆಗೆಸಿಕೊಳ್ಳುವವರೂ ಇದ್ದಾರೆ.

ಇದೇ ಹೊತ್ತಿಗೆ ಮೊಬೈಲಿಗೆ ಬರುವ ಸಂದೇಶಗಳು ಎರಡು ತರಹದವು. ಒಂದು, ‘ಬಸವನಹುಳು ಮುಟ್ಟಿದರೆ ಸಾಕು, ಹುಳ ಮಿದುಳಿಗೆ ಹೋಗಿ ಸಾವು ಖಚಿತ’ ಎಂಬಂಥದ್ದು. ಇನ್ನೊಂದು, ‘ಅದರ ಲೋಳೆ ಮುಖಕ್ಕೆ ಹಚ್ಚಿದರೆ ಕಾಂತಿ, ಹಸಿಯಾಗಿ ನುಂಗಿದರೆ ಕಾಯಿಲೆ ಮಾಯ’ ಎಂಬಂಥದ್ದು. ಮೊದಲನೆಯದು ಇಲ್ಲದ ಭಯ ಹುಟ್ಟಿಸುತ್ತದೆ. ಎರಡನೆಯದು ಇರಬೇಕಾದ ಎಚ್ಚರವನ್ನೇ ಮರೆಸುತ್ತದೆ.

ಚುಟುಕಾಗಿ ಉತ್ತರ

ಬಸವನಹುಳುವಿನಲ್ಲಿ ಮನುಷ್ಯರ ಮಿದುಳಿಗೆ ಹೋಗಬಲ್ಲ ಪರಾವಲಂಬಿ ಹುಳು ಇರಬಹುದು ಎಂಬುದು ನಿಜ. ಆದರೆ ಅದು ಒಳಗೆ ಹೋಗುವ ದಾರಿ ಬಾಯಿ. ಸುಮ್ಮನೆ ಮುಟ್ಟಿದ ಮಾತ್ರಕ್ಕೆ ಹೋಗುವುದಿಲ್ಲ. ಮುಟ್ಟಿದ ಕೈಯನ್ನು ಸಾಬೂನು ಹಾಕಿ ತೊಳೆದರೆ ಅಪಾಯ ಬಹುಪಾಲು ಅಲ್ಲಿಗೇ ಮುಗಿಯಿತು. ಹಸಿ ಬಸವನಹುಳು, ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ತೊಳೆಯದ ಕೈ — ಈ ನಾಲ್ಕನ್ನು ದೂರವಿಟ್ಟರೆ ಸಾಕು.

ಬಸವನಹುಳುವಿನೊಳಗೆ ಹುಳ ಬರುವುದು ಎಲ್ಲಿಂದ?

ಬಸವನಹುಳು ತಾನೇ ರೋಗ ಹುಟ್ಟಿಸುವುದಿಲ್ಲ. ಬೇರೆ ಪ್ರಾಣಿಯ ಹಿಕ್ಕೆಯಿಂದ, ಸಗಣಿಯಿಂದ ಅಥವಾ ಸಿಂಬಳದಿಂದ ಬಂದ ಮರಿಹುಳುಗಳಿಗೆ ಅದು ನಡುವಿನ ತಂಗುದಾಣ. ಅಲ್ಲಿ ಕೆಲ ವಾರ ಬೆಳೆದು ಅವು ಮುಂದಿನ ಪ್ರಾಣಿಯನ್ನು ಸೇರುತ್ತವೆ. ಇಂಥ ಪ್ರಾಣಿಯನ್ನು ವಿಜ್ಞಾನದಲ್ಲಿ ‘ಮಧ್ಯಂತರ ಆಶ್ರಯದಾತ’ ಎನ್ನುತ್ತಾರೆ.

ಮಿದುಳಿನ ವಿಷಯದಲ್ಲಿ ಹೆಸರು ಕೇಳಿಬರುವ ಹುಳುವಿನದು ಆಂಜಿಯೋಸ್ಟ್ರಾಂಗೈಲಸ್ ಕ್ಯಾಂಟೋನೆನ್ಸಿಸ್ ಎಂಬ ಉದ್ದ ಹೆಸರು. ಸುಲಭವಾಗಿ ‘ಇಲಿಯ ಶ್ವಾಸಕೋಶದ ಹುಳು’ ಎನ್ನೋಣ. ಚೀನಾದ ಕ್ಯಾಂಟನ್ ನಗರದ ಇಲಿಗಳಲ್ಲಿ ಸಿಕ್ಕ ಇದನ್ನು 1935ರಲ್ಲಿ ಮೊದಲು ವಿವರಿಸಲಾಯಿತು. ಮನುಷ್ಯರಲ್ಲಿ ಇದು ಕಂಡ ಮೊದಲ ವರದಿ 1945ರಲ್ಲಿ ತೈವಾನಿನಿಂದ ಬಂತು. ನಮ್ಮ ದೇಶದ ಇಲಿಗಳಲ್ಲೂ ಇದೆ; ಮುಂಬೈಯ ಇಲಿಗಳಲ್ಲಿ ಇದು ಇರುವುದನ್ನು 1982ರಲ್ಲೇ ಸಂಶೋಧಕರು ದಾಖಲಿಸಿದ್ದಾರೆ.

ಇದರ ಸುತ್ತು ಹೀಗಿದೆ:

1. ಬೆಳೆದ ಹುಳು ಇಲಿಯ ಶ್ವಾಸಕೋಶದ ರಕ್ತನಾಳದಲ್ಲಿ ಇರುತ್ತದೆ. ಅಲ್ಲಿ ಮೊಟ್ಟೆ ಇಡುತ್ತದೆ.
2. ಮೊಟ್ಟೆಯೊಡೆದ ಮರಿಗಳು ಇಲಿಯ ಗಂಟಲಿಗೆ ಬಂದು, ನುಂಗಲ್ಪಟ್ಟು, ಹಿಕ್ಕೆಯಲ್ಲಿ ಹೊರಬೀಳುತ್ತವೆ.
3. ಬಸವನಹುಳು ಅಥವಾ ಚಿಪ್ಪಿಲ್ಲದ ಅದರ ಬಂಧು ಸ್ಲಗ್ ಆ ಹಿಕ್ಕೆಯನ್ನು ತಿನ್ನುತ್ತದೆ. ಸುಮಾರು 2–3 ವಾರದಲ್ಲಿ ಮರಿಗಳು ಸೋಂಕು ಹರಡುವ ಹಂತಕ್ಕೆ ಬೆಳೆಯುತ್ತವೆ.
4. ಆ ಬಸವನಹುಳುವನ್ನು ಇಲಿ ತಿಂದರೆ ಮರಿಗಳು ಇಲಿಯ ಮಿದುಳಿಗೆ ಹೋಗಿ, ಅಲ್ಲಿ ಸ್ವಲ್ಪ ಬೆಳೆದು, ಮತ್ತೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಸುತ್ತು ಪೂರ್ತಿಯಾಯಿತು.

ಮನುಷ್ಯರು ಈ ಸುತ್ತಿನಲ್ಲಿ ಇಲ್ಲವೇ ಇಲ್ಲ. ತಪ್ಪಿ ನಮ್ಮ ಹೊಟ್ಟೆಗೆ ಹೋದ ಮರಿಗಳು ಇಲಿಯೊಳಗೆ ಮಾಡುವಂತೆ ಮಿದುಳಿನ ಕಡೆಗೇ ಹೊರಡುತ್ತವೆ, ಆದರೆ ಸಾಮಾನ್ಯವಾಗಿ ಅಲ್ಲಿಂದ ಮುಂದೆ ಹೋಗಲಾರದೆ ಸಾಯುತ್ತವೆ. ಸಾಯುವ ಹುಳುಗಳ ವಿರುದ್ಧ ನಮ್ಮ ದೇಹ ಹೋರಾಡುವಾಗ ಮಿದುಳಿನ ಪೊರೆ ಬಾತುಕೊಳ್ಳುತ್ತದೆ. ಇದೇ ‘ಇಯೋಸಿನೊಫಿಲಿಕ್ ಮೆನಿಂಜೈಟಿಸ್’. ಇಯೋಸಿನೊಫಿಲ್ ಎಂದರೆ ಪರಾವಲಂಬಿ ಮತ್ತು ಅಲರ್ಜಿಯ ವೇಳೆ ಹೆಚ್ಚುವ ಒಂದು ಬಗೆಯ ಬಿಳಿ ರಕ್ತಕಣ. ಈ ಹುಳು ಮನುಷ್ಯರಲ್ಲಿ ಸಂತಾನ ಬೆಳೆಸುವುದಿಲ್ಲ. ಹಾಗಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಮುಟ್ಟುವುದಕ್ಕೂ ತಿನ್ನುವುದಕ್ಕೂ ಇರುವ ವ್ಯತ್ಯಾಸ

ಇದುವರೆಗೆ ಜಗತ್ತಿನಲ್ಲಿ ಕಂಡ ಪ್ರಕರಣಗಳನ್ನು ನೋಡಿದರೆ ದಾರಿ ಯಾವುದೆಂದು ತಿಳಿಯುತ್ತದೆ.

- ಬೀಜಿಂಗ್, 2006: ಒಂದು ಹೋಟೆಲಿನಲ್ಲಿ ಸರಿಯಾಗಿ ಬೇಯಿಸದ ಆ್ಯಪಲ್ ಸ್ನೇಲ್ ಎಂಬ ಸಿಹಿನೀರಿನ ಬಸವನಹುಳು ತಿಂದು ಸುಮಾರು 160 ಜನ ಕಾಯಿಲೆ ಬಿದ್ದರು.
- ಸಿಡ್ನಿ, 2010: 19 ವರ್ಷದ ಯುವಕನೊಬ್ಬ ಗೆಳೆಯರೊಂದಿಗೆ ಪಂಥ ಕಟ್ಟಿ ತೋಟದ ಸ್ಲಗ್ ನುಂಗಿದ. ವರ್ಷಕ್ಕೂ ಮೀರಿ ಕೋಮಾದಲ್ಲಿದ್ದ. ಎಚ್ಚರವಾದ ಮೇಲೂ ಕೈಕಾಲು ಸ್ವಾಧೀನಕ್ಕೆ ಬರಲಿಲ್ಲ. 2018ರಲ್ಲಿ ತೀರಿಕೊಂಡ. ಅನೇಕ ಫಾರ್ವರ್ಡ್‌ಗಳು ಹುಟ್ಟಿದ್ದು ಈ ಸುದ್ದಿಯಿಂದಲೇ. ಆದರೆ ‘ನುಂಗಿದ’ ಎಂಬ ಮಾತು ಕೈಯಿಂದ ಕೈಗೆ ಹೋಗುವಾಗ ‘ಮುಟ್ಟಿದ’ ಎಂದಾಗುತ್ತದೆ.
- ಕೇರಳ, 2006: ಇಯೋಸಿನೊಫಿಲಿಕ್ ಮೆನಿಂಜೈಟಿಸ್ ಆದ 10 ರೋಗಿಗಳ ಬಗ್ಗೆ ವೈದ್ಯರು ವರದಿ ಮಾಡಿದರು. ಅವರಲ್ಲಿ ಹಲವರು ಉಡದ ಮಾಂಸ ತಿಂದಿದ್ದರು.

ಕೇರಳದ ಸಂಗತಿಯನ್ನು ನಮ್ಮ ಕಾಡಂಚಿನ ಊರುಗಳವರು ಗಮನಿಸಬೇಕು. ಉಡ ಬಸವನಹುಳುವನ್ನು ತಿನ್ನುತ್ತದೆ. ಮರಿಹುಳುಗಳು ಉಡದ ಮೈಯಲ್ಲಿ ಹಾಗೇ ಜೀವಂತ ಉಳಿಯುತ್ತವೆ. ಉಡದ ಹಸಿ ಮಾಂಸ, ರಕ್ತ, ನಾಲಿಗೆಯಿಂದ ಶಕ್ತಿ ಬರುತ್ತದೆ ಎಂಬ ನಂಬಿಕೆ ಹಲವು ಕಡೆ ಇದೆ, ಬರುವುದು ಕಾಯಿಲೆ. ಜತೆಗೆ ಉಡ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೇ ಪಟ್ಟಿಯಲ್ಲಿರುವ ಪ್ರಾಣಿ. ಅದನ್ನು ಬೇಟೆಯಾಡಿದರೆ 3ರಿಂದ 7 ವರ್ಷದವರೆಗೆ ಜೈಲು.

ಸಿಹಿನೀರಿನ ಸೀಗಡಿ, ನೆಲದ ಏಡಿ, ಕಪ್ಪೆ ಕೂಡ ಇದೇ ರೀತಿ ಹುಳುವನ್ನು ಹೊತ್ತಿರಬಹುದು. ಏಡಿ ಸಾರು ಮಾಡುವವರು ಹೆದರಬೇಕಾಗಿಲ್ಲ. ಕನಿಷ್ಠ 3–5 ನಿಮಿಷ ಕುದಿಸಿದರೆ ಮರಿಗಳು ಸಾಯುತ್ತವೆ. ಕೆಂಡದ ಮೇಲೆ ಮೇಲ್ಮೈ ಮಾತ್ರ ಸುಟ್ಟು ತಿನ್ನುವುದು ಸಾಲದು. ಒಳಗಿನ ಮಾಂಸವೂ ಬೇಯಬೇಕು.

ಹಾಗಾದರೆ ಕೈಯಲ್ಲಿ ಹಿಡಿದರೆ? ಗಾಯವಿಲ್ಲದ ಚರ್ಮವನ್ನು ತೂರಿ ಈ ಹುಳು ಒಳಗೆ ಹೋಗುವುದು ರೋಗ ಹರಡುವ ಸಾಮಾನ್ಯ ದಾರಿಯಲ್ಲ. ಲೋಳೆಯಲ್ಲಿ ಕೆಲವೊಮ್ಮೆ ಅಲ್ಪ ಪ್ರಮಾಣದಲ್ಲಿ ಮರಿಗಳು ಇರಬಹುದು. ಮರಿಯ ಉದ್ದ ಸುಮಾರು ಅರ್ಧ ಮಿಲಿಮೀಟರ್. ಕಣ್ಣಿಗೆ ಬೀಳುವುದು ಕಷ್ಟ. ಲೋಳೆ ಮೆತ್ತಿದ ಬೆರಳನ್ನು ಬಾಯಿಗೆ ಹಾಕಿದರೆ, ಅದೇ ಕೈಯಲ್ಲಿ ಅವಲಕ್ಕಿ ತಿಂದರೆ, ಕಣ್ಣುಜ್ಜಿದರೆ ತೊಂದರೆ ಆಗಬಹುದು. ಹಾಗಾಗಿ ಕೈಯಲ್ಲಿ ಹಿಡಿದ ಮಗುವನ್ನು ಬೈದು ಹೆದರಿಸುವ ಬದಲು ಬಚ್ಚಲಿಗೆ ಕರೆದೊಯ್ದು ಸಾಬೂನು ಕೊಡಿ. ಅಂಬೆಗಾಲಿಡುವ ಕೂಸುಗಳ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಅವು ಕೈಗೆ ಸಿಕ್ಕಿದ್ದನ್ನು ಬಾಯಿಗೇ ಹಾಕುತ್ತವೆ. ಸೋಂಕಿನ ಹುಳು ಹೆಚ್ಚು ಹೊಟ್ಟೆಗೆ ಹೋದಷ್ಟೂ ಕಾಯಿಲೆ ಜೋರಾಗುವ ಸಂಭವ ಹೆಚ್ಚು.

ಸಾಕಲು ತಂದ ಬಸವನಹುಳು ಯಾವುದು?

ಎಲ್ಲ ಬಸವನಹುಳುಗಳ ಅಪಾಯ ಒಂದೇ ಅಲ್ಲ. ಮೂರು ಬಗೆಯಾಗಿ ನೋಡಬಹುದು.

ಮೊದಲನೆಯದು, ಹಿತ್ತಲಿನಿಂದ ಹಿಡಿದು ತಂದದ್ದು. ಅದು ಮೊನ್ನೆ ತನಕ ಏನು ತಿಂದಿತ್ತೋ ಯಾರಿಗೂ ಗೊತ್ತಿಲ್ಲ. ಅಡಿಕೆ ತೋಟ, ಭತ್ತದ ಕಣಜ, ಕೊಟ್ಟಿಗೆ ಇರುವಲ್ಲಿ ಇಲಿ ಇದ್ದೇ ಇರುತ್ತದೆ; ಇಲಿ ಇದ್ದಲ್ಲಿ ಹಿಕ್ಕೆ ಇರುತ್ತದೆ. ಸೋಂಕು ತಗುಲಿದ ಬಸವನಹುಳು ನೋಡಲು ಆರೋಗ್ಯವಾಗಿಯೇ ಇರುತ್ತದೆ. ಹೊರಗಿನಿಂದ ಗುರುತಿಸಲು ಆಗುವುದಿಲ್ಲ.

ಎರಡನೆಯದು, ಮನೆಯಲ್ಲೇ ಮೊಟ್ಟೆಯಿಂದ ಹೊರಬಂದು ತೊಳೆದ ಎಲೆ ತಿಂದು ಬೆಳೆದದ್ದು. ಇಲಿಯ ಹುಳು ಬಸವನಹುಳುವಿನ ಮೊಟ್ಟೆಯ ಮೂಲಕ ಮರಿಗೆ ದಾಟುವುದಿಲ್ಲ. ಡಬ್ಬಿಗೆ ಇಲಿ, ಹಿಕ್ಕೆ, ಹೊರಗಿನ ಹಸಿ ಮಣ್ಣು ಸೇರದಂತೆ ನೋಡಿಕೊಂಡರೆ ಈ ಅಪಾಯ ತೀರಾ ಕಡಿಮೆ. ಹಾಗಿದ್ದರೂ ಹೊಟ್ಟೆನೋವು, ಭೇದಿ ತರುವ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಕೈ ತೊಳೆಯುವುದು ತಪ್ಪಬಾರದು.

ಮೂರನೆಯದು, ಆಫ್ರಿಕಾದ ದೈತ್ಯ ಬಸವನಹುಳು. ಬೆಳೆದರೆ ಚಿಪ್ಪು 20 ಸೆಂಟಿಮೀಟರ್‌ವರೆಗೆ ಉದ್ದ. ಕಂದು ಚಿಪ್ಪಿನ ಮೇಲೆ ಉದ್ದುದ್ದ ಪಟ್ಟೆ. 1847ರಲ್ಲಿ ಬೆನ್ಸನ್ ಎಂಬ ಬ್ರಿಟಿಷ್ ಹವ್ಯಾಸಿ ಇದನ್ನು ಮಾರಿಷಸ್‌ನಿಂದ ತಂದು ಕೋಲ್ಕತ್ತದ ಚೌರಂಗಿಯ ತೋಟವೊಂದರಲ್ಲಿ ಬಿಟ್ಟ. ಅಲ್ಲಿಂದ ದೇಶದ ಹಲವೆಡೆ ಹಬ್ಬಿತು. ಕೊಡಗಿನ ಶನಿವಾರಸಂತೆ ಸುತ್ತಮುತ್ತ ಕಾಫಿ ಬೆಳೆಗಾರರು ಇದರ ಕಾಟದಿಂದ ಬೇಸತ್ತಿದ್ದಾರೆ. ಒಂದು ಹುಳು ವರ್ಷಕ್ಕೆ 1,200ರಷ್ಟು ಮೊಟ್ಟೆ ಇಡಬಲ್ಲದು. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದಕ್ಕೂ ಜಾಗವಿದೆ. ಇಲಿಯ ಹುಳುವನ್ನು ಹೊರುವುದರಲ್ಲೂ ಇದು ಮುಂದು.

ಯುರೋಪಿನಲ್ಲಿ ಇದನ್ನು ಸಾಕುವುದು ಫ್ಯಾಷನ್ ಆಗಿದೆ. ಸ್ವಿಟ್ಜರ್ಲೆಂಡಿನ ಲೂಸಾನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಬಸವನಹುಳು 36 ಬಗೆಯ ರೋಗಕಾರಕಗಳನ್ನು ಹೊರಬಲ್ಲದು, ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಮನುಷ್ಯರಿಗೂ ತಗುಲಬಲ್ಲವು ಎಂದು ಎಚ್ಚರಿಸಿದ್ದಾರೆ. ಜನ ಅದನ್ನು ಮುಖ, ಬಾಯಿಯ ಮೇಲೆ ಬಿಟ್ಟುಕೊಂಡ ಚಿತ್ರಗಳು ಸಾಮಾಜಿಕ ಜಾಲತಾಣಗಳಲ್ಲಿ ತುಂಬಿರುವುದನ್ನೂ ಅವರು ಗಮನಿಸಿದ್ದಾರೆ. ‘ಹೊರಬಲ್ಲದು’ ಎಂದರೆ ಪ್ರತಿಯೊಂದು ಹುಳುವೂ ಹೊತ್ತಿರುತ್ತದೆ ಎಂದಲ್ಲ. ಆದರೆ ಯಾವುದು ಹೊತ್ತಿದೆ, ಯಾವುದು ಇಲ್ಲ ಎಂದು ಸಾಕುವವರಿಗೆ ತಿಳಿಯುವುದಿಲ್ಲ.

ಬೇಸರ ಬಂತೆಂದು ಹೊರಗೆ ಬಿಟ್ಟರೆ?

ಅಮೆರಿಕದ ಮಯಾಮಿಯಲ್ಲಿ 1966ರಲ್ಲಿ ನಡೆದದ್ದನ್ನು ಕೇಳಿ. ಹವಾಯಿಯಿಂದ ಮರಳಿದ ಹುಡುಗನೊಬ್ಬ ಮೂರು ದೈತ್ಯ ಬಸವನಹುಳುಗಳನ್ನು ಸಾಕಲು ತಂದ. ಅವನ ಅಜ್ಜಿ ಅವನ್ನು ತೋಟಕ್ಕೆ ಬಿಟ್ಟರು. ಏಳು ವರ್ಷದಲ್ಲಿ ಅಲ್ಲಿ 18 ಸಾವಿರಕ್ಕೂ ಹೆಚ್ಚು ಹುಳುಗಳು ಸಿಕ್ಕವು. ಪೂರ್ತಿ ನಿರ್ಮೂಲ ಮಾಡಲು ಹತ್ತು ಲಕ್ಷ ಡಾಲರ್ ಖರ್ಚಾಯಿತು. 2011ರಲ್ಲಿ ಅದೇ ಮಯಾಮಿಯಲ್ಲಿ ಮತ್ತೆ ಕಾಣಿಸಿಕೊಂಡು, ಇನ್ನೂ ಹತ್ತು ವರ್ಷ ಹೋರಾಡಬೇಕಾಯಿತು. ಇಂದು ಅಮೆರಿಕದಲ್ಲಿ ಪರವಾನಗಿ ಇಲ್ಲದೆ ಇದನ್ನು ಇಟ್ಟುಕೊಳ್ಳುವುದು ಅಪರಾಧ.

ಬಾಳೆ, ಪಪ್ಪಾಯಿ, ತರಕಾರಿ, ಎಳೆ ಅಡಿಕೆ ಸಸಿ — ಈ ಹುಳು ಯಾವುದನ್ನೂ ಬಿಡುವುದಿಲ್ಲ. ಪ್ರವಾಸಕ್ಕೆ ಹೋದ ಊರಿನಿಂದ, ಬೇರೆ ಜಿಲ್ಲೆಯ ನರ್ಸರಿ ಗಿಡದ ಮಣ್ಣಿನಿಂದ, ಆನ್‌ಲೈನ್ ಮಾರಾಟಗಾರರಿಂದ ತಂದ ಒಂದೆರಡು ಹುಳು ಹಳಿಯಾಳದ ತೋಟಕ್ಕೋ ಮುಂಡಗೋಡಿನ ಗದ್ದೆಗೋ ಇಳಿದರೆ ಮುಂದಿನ ಕಥೆ ಮಯಾಮಿಯದ್ದೇ. ಹಾಗಾಗಿ ದೈತ್ಯ ಬಸವನಹುಳುವನ್ನು ತರಲೇಬೇಡಿ. ಊರಲ್ಲಿ ಕಂಡರೆ ಫೋಟೊ ತೆಗೆದು ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ತೋರಿಸಿ.

ನಮ್ಮ ಕಾಡಿನ ಬಸವನಹುಳುಗಳ ಮಾತೇ ಬೇರೆ. ಪಶ್ಚಿಮ ಘಟ್ಟದಲ್ಲಿ ಇಲ್ಲಿ ಮಾತ್ರ ಸಿಗುವ ಹಲವು ಜಾತಿಗಳಿವೆ. ಕೆಲವಕ್ಕೆ ಚಿಪ್ಪು ಎಡಕ್ಕೆ ಸುತ್ತಿರುತ್ತದೆ. ಜಗತ್ತಿನ ಹೆಚ್ಚಿನ ಬಸವನಹುಳುಗಳ ಚಿಪ್ಪು ಬಲಕ್ಕೆ ಸುತ್ತಿರುತ್ತದೆ. ತರಗೆಲೆ ತಿಂದು ಮಣ್ಣು ಮಾಡುವ ಇವು ಕಾಡಿಗೆ ಬೇಕಾದವು. ಮಕ್ಕಳು ನೋಡಲು ಹಿಡಿದರೆ ಅದೇ ದಿನ ಹಿಡಿದ ಜಾಗದಲ್ಲೇ ಬಿಡಿಸಿ. ಎಲ್ಲ ಬಸವನಹುಳುಗಳನ್ನೂ ಉಪ್ಪು ಸುರಿದು ಕೊಲ್ಲಿ ಎನ್ನುವ ಸಂದೇಶ ಕಳಿಸುವ ಮುನ್ನ ಇದನ್ನು ನೆನಪಿಡಿ.

ಲೋಳೆ ಹಚ್ಚಿದರೆ ಮುಖ ಹೊಳೆಯುತ್ತದೆಯೇ?

ಅಂಗಡಿಯಲ್ಲಿ ಸಿಗುವ ‘ಸ್ನೇಲ್ ಮ್ಯೂಸಿನ್’ ಕ್ರೀಮು, ಸೀರಮ್ಮುಗಳಲ್ಲಿ ಇರುವುದು ಸೋಸಿ, ಸಂಸ್ಕರಿಸಿದ ಲೋಳೆ. ಚರ್ಮದಲ್ಲಿ ತೇವ ಉಳಿಸಲು ಅದು ನೆರವಾಗಬಹುದು. ಹಿತ್ತಲಿನ ಬಸವನಹುಳುವನ್ನು ನೇರವಾಗಿ ಮುಖದ ಮೇಲೆ ಹರಿಯಲು ಬಿಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಹುಳು ಬಚ್ಚಲ ಮೋರಿಯನ್ನೂ ಇಲಿಯ ಬಿಲವನ್ನೂ ದಾಟಿ ಬಂದಿರುತ್ತದೆ. ಮುಖದಲ್ಲಿ ಕಣ್ಣು, ಮೂಗು, ಬಾಯಿ ಮೂರೂ ಹತ್ತಿರ ಹತ್ತಿರ ಇವೆ. ಬೇಡ.

ಮೂಲವ್ಯಾಧಿಗೆ, ದಮ್ಮಿಗೆ, ಮಂಡಿನೋವಿಗೆ ಬಸವನಹುಳುವನ್ನು ಹಸಿಯಾಗಿ ನುಂಗಿ ಎನ್ನುವ ‘ಮನೆಮದ್ದು’ ಅದಕ್ಕಿಂತ ಅಪಾಯಕಾರಿ. ಸಿಡ್ನಿಯ ಯುವಕ ನುಂಗಿದ್ದು ಒಂದೇ ಒಂದು.

‘ವರ್ಷಕ್ಕೆ ಲಕ್ಷಾಂತರ ಜನರನ್ನು ಕೊಲ್ಲುವ ಪ್ರಾಣಿ’ ಎಂಬ ಮಾತು

ಸೊಳ್ಳೆ, ಹಾವು, ನಾಯಿಯ ಜತೆ ಬಸವನಹುಳುವಿನ ಚಿತ್ರ ಹಾಕಿ ‘ಜಗತ್ತಿನ ಅತಿ ಮಾರಕ ಪ್ರಾಣಿಗಳು’ ಎನ್ನುವ ಪಟ್ಟಿ ನಿಮ್ಮ ಗುಂಪಿಗೂ ಬಂದಿರಬಹುದು. ಬಿಲ್ ಗೇಟ್ಸ್ 2014ರಲ್ಲಿ ಹಂಚಿಕೊಂಡ ಇಂಥ ಪಟ್ಟಿಯಲ್ಲಿ ಸಿಹಿನೀರಿನ ಬಸವನಹುಳುವಿನ ಲೆಕ್ಕಕ್ಕೆ ವರ್ಷಕ್ಕೆ 10 ಸಾವಿರ ಸಾವು ಎಂದಿತ್ತು. ಬೇರೆ ಕಡೆ 2 ಲಕ್ಷ ಎಂಬ ಅಂಕಿಯೂ ಓಡಾಡುತ್ತದೆ. ಆ ಸಾವುಗಳು ಶಿಸ್ಟೊಸೊಮಿಯಾಸಿಸ್ ಎಂಬ ಬೇರೆಯೇ ಕಾಯಿಲೆಯವು. ಅದರ ಮರಿಗಳು ನೀರಿನ ಬಸವನಹುಳುವಿನಿಂದ ಹೊರಬಂದು ಈಜಾಡುತ್ತ ನೀರಿಗಿಳಿದವರ ಚರ್ಮ ತೂರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇದಕ್ಕೆ ಚಿಕಿತ್ಸೆ ಬೇಕಾಗಿರುವವರಲ್ಲಿ ಕನಿಷ್ಠ 90 ಶೇಕಡಾ ಜನ ಆಫ್ರಿಕಾದವರು.

ಭಾರತದಲ್ಲಿ ಇದರ ಹೆಸರುವಾಸಿ ನೆಲೆ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿ. ಅಲ್ಲಿನ ಜನರ ಮೂತ್ರದಲ್ಲಿ ರಕ್ತ ಹೋಗುತ್ತಿದ್ದುದರ ಕಾರಣ ಇದೇ ಎಂದು 1952ರಲ್ಲಿ ವರದಿಯಾಯಿತು. ಮೂಲ ಅಲ್ಲಿನ ನೀರಿನಲ್ಲಿದ್ದ ಪುಟ್ಟ ಬಸವನಹುಳು. ಈ ಒಂದು ಹಳೆಯ ಪ್ರಕರಣ ಹಿಡಿದು ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಿದವರಿಗೆಲ್ಲ ಈ ರೋಗ ಬರುತ್ತದೆ ಎನ್ನುವುದು ತಪ್ಪು. ಮಳೆಗೆ ಗೋಡೆ ಹತ್ತುವ ನೆಲದ ಬಸವನಹುಳುವಿಗೂ ಆ ರೋಗಕ್ಕೂ ಸಂಬಂಧವೇ ಇಲ್ಲ.

ನಮ್ಮಲ್ಲಿ ನಿಜವಾಗಿ ನಷ್ಟ ಆಗುತ್ತಿರುವುದು ಕೊಟ್ಟಿಗೆಯಲ್ಲಿ

ಭತ್ತ ಬೆಳೆಯುವ, ದನ ಸಾಕುವ ಊರಿನಲ್ಲಿ ಬಸವನಹುಳುವಿನಿಂದ ದಿನನಿತ್ಯ ಬರುವ ತೊಂದರೆ ಡಬ್ಬಿಯಲ್ಲಿ ಸಾಕಿದ್ದರಿಂದ ಬರುವುದಿಲ್ಲ. ಗದ್ದೆ, ಕೆರೆ, ಹೊಂಡದ ನೀರಿನ ಬಸವನಹುಳುಗಳಿಂದ ಬರುತ್ತದೆ. ಮೊದಲು ಬಳಲುವುದು ದನ. ಇದರ ಬಗ್ಗೆ ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

*ಗೊರಕೆ ರೋಗ.* ದನ ನಿಂತಲ್ಲೇ ಗೊರಕೆಯಂಥ ಸದ್ದು ಮಾಡುತ್ತ ಉಸಿರಾಡುತ್ತದೆ, ಮೂಗಿನಿಂದ ಸಿಂಬಳ ಸುರಿಯುತ್ತದೆ, ಒಳಗೆ ಹೂಕೋಸಿನಂಥ ಗಂಟು ಬೆಳೆಯುತ್ತದೆ. ಕಾರಣ ಮೂಗಿನ ರಕ್ತನಾಳದಲ್ಲಿ ವಾಸಿಸುವ ಶಿಸ್ಟೊಸೋಮಾ ನೇಸಾಲೆ ಎಂಬ ಹುಳು. 1933ರಲ್ಲಿ ಇದನ್ನು ವಿವರಿಸಿದ್ದು ಭಾರತದಲ್ಲೇ. ಸಿಂಬಳದ ಜತೆ ಮೊಟ್ಟೆ ನೀರಿಗೆ ಬಿದ್ದು, ಸುರುಳಿ ಸುತ್ತಿದ ಚಪ್ಪಟೆ ಚಿಪ್ಪಿನ ನೀರಿನ ಬಸವನಹುಳುವಿನಲ್ಲಿ ಬೆಳೆದು, ಮತ್ತೆ ಅದೇ ನೀರಿಗಿಳಿದ ದನದ ಚರ್ಮ ತೂರುತ್ತದೆ. ಎಮ್ಮೆಯಲ್ಲಿ ಲಕ್ಷಣ ಸಾಮಾನ್ಯವಾಗಿ ಕಡಿಮೆ, ಆದರೆ ಸೋಂಕು ಹರಡಬಲ್ಲದು.

*ಲಿವರ್ ಫ್ಲೂಕ್.* ಎಲೆಯಾಕಾರದ ಚಪ್ಪಟೆ ಹುಳು. ದನದ ಪಿತ್ತನಾಳದಲ್ಲಿ ಇರುತ್ತದೆ. ಸಗಣಿಯಲ್ಲಿ ಬಿದ್ದ ಮೊಟ್ಟೆ ನೀರಿನಲ್ಲಿ ಒಡೆದು, ಬಸವನಹುಳುವಿನಲ್ಲಿ ಬೆಳೆದು, ಕೊನೆಗೆ ನೀರಂಚಿನ ಹುಲ್ಲಿಗೆ ಪುಟ್ಟ ಗುಳ್ಳೆಗಳಾಗಿ ಅಂಟಿಕೊಳ್ಳುತ್ತದೆ. ಆ ಹುಲ್ಲು ಮೇಯ್ದ ದನ ಸೊರಗುತ್ತದೆ, ಹಾಲು ಇಳಿಯುತ್ತದೆ, ಭೇದಿ ಆಗುತ್ತದೆ, ಗದ್ದದ ಕೆಳಗೆ ನೀರು ತುಂಬಿ ಬಾವು ಬರುತ್ತದೆ.

*ಗದ್ದೆ ತುರಿಕೆ.* ನಾಟಿಗೆ ಇಳಿದವರ ಕಾಲಿಗೆ ಕೆಂಪು ದದ್ದು, ತುರಿಕೆ ಬರುವುದಕ್ಕೆ ಕೆಲವೊಮ್ಮೆ ಕಾರಣ ದನ ಅಥವಾ ಹಕ್ಕಿಯ ಶಿಸ್ಟೊಸೋಮಾ ಮರಿಗಳು. ದಾರಿತಪ್ಪಿ ಮನುಷ್ಯರ ಚರ್ಮಕ್ಕೆ ಹೊಕ್ಕ ಇವು ಅಲ್ಲೇ ಸಾಯುತ್ತವೆ. ತುರಿಕೆ ಸುಮಾರು ವಾರದಲ್ಲಿ ಇಳಿಯುತ್ತದೆ. ಕೆರೆದು ಗಾಯ ಮಾಡಿಕೊಂಡು ಕೀವು ತುಂಬಿಸಿಕೊಳ್ಳಬಾರದು. ಗದ್ದೆಯಿಂದ ಮೇಲೆ ಬಂದೊಡನೆ ಶುದ್ಧ ನೀರಿನಲ್ಲಿ ಕಾಲು ತೊಳೆದು ಟವೆಲಿನಿಂದ ಒರೆಸಿಕೊಳ್ಳುವುದು ಒಳ್ಳೆಯದು.

ದನಕ್ಕೆ ಮಾಡಬಹುದಾದದ್ದು ಇಷ್ಟು: ಬಸವನಹುಳು ತುಂಬಿದ ಹೊಂಡಕ್ಕೆ ಇಳಿಸದೆ ತೊಟ್ಟಿಯಲ್ಲಿ ನೀರು ಕುಡಿಸಿ. ನೀರಂಚಿನ ಹುಲ್ಲನ್ನು ಹಸಿಯಾಗಿ ಹಾಕದೆ ಚೆನ್ನಾಗಿ ಒಣಗಿಸಿ ಹಾಕಿ. ಹಸಿ ಸಗಣಿಯನ್ನು ನೇರವಾಗಿ ನೀರು ನಿಂತ ಗದ್ದೆಗೆ ಚೆಲ್ಲದೆ ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡಿ. ಬಾತುಕೋಳಿ ಸಾಕಿದರೆ ಅವು ನೀರಿನ ಬಸವನಹುಳುಗಳನ್ನು ತಿನ್ನುತ್ತವೆ. ಗೊರಕೆಗೂ ಲಿವರ್ ಫ್ಲೂಕಿಗೂ ಔಷಧಿ ಬೇರೆ ಬೇರೆ. ಅಂಗಡಿಯಿಂದ ಯಾವುದೋ ಜಂತಿನ ಔಷಧಿ ತಂದು ಕುಡಿಸುವ ಮುನ್ನ ಪಶು ಆಸ್ಪತ್ರೆಯಲ್ಲಿ ಸಗಣಿ ಅಥವಾ ಸಿಂಬಳ ಪರೀಕ್ಷೆ ಮಾಡಿಸಿ. ಪಶು ವೈದ್ಯರ ಸಂಚಾರಿ ಸೇವೆಗೆ 1962 ಸಂಖ್ಯೆಗೆ ಕರೆ ಮಾಡಬಹುದು.

ಅಕ್ವೇರಿಯಂ ಇಟ್ಟವರಿಗೂ ಒಂದು ಮಾತು. ಜಲಸಸ್ಯಗಳ ಜತೆ ಬರುವ ಪುಟ್ಟ ಚಪ್ಪಟೆ ಬಸವನಹುಳುಗಳಲ್ಲಿ ಗೊರಕೆ ರೋಗ ಹರಡುವ ಜಾತಿಯೂ ಇರಬಹುದು. ಅಕ್ವೇರಿಯಂ ನೀರನ್ನು ಕೆರೆಗೆ, ಕಾಲುವೆಗೆ ಚೆಲ್ಲಬೇಡಿ. ದೂರದ ಒಣನೆಲಕ್ಕೆ ಹಾಕಿ.

ಒಂದೆಲಗದ ತಂಬುಳಿ ಮಾಡುವವರು ಗಮನಿಸಿ

ಬಸವನಹುಳು ಸಾಕದವರ ಮನೆಗೂ ಅದು ಬರುವ ದಾರಿ ಸೊಪ್ಪು. ನಮ್ಮ ಜಿಲ್ಲೆಯಲ್ಲಿ ಒಂದೆಲಗವನ್ನು ಹಸಿಯಾಗಿ ರುಬ್ಬಿ ತಂಬುಳಿ ಮಾಡುವ, ಮಕ್ಕಳಿಗೆ ಬೆಳಿಗ್ಗೆ ಎರಡು ಎಲೆ ಅಗಿಯಲು ಕೊಡುವ ರೂಢಿ ಇದೆ. ಒಂದೆಲಗ ಬೆಳೆಯುವುದು ಬಾವಿಕಟ್ಟೆ, ಗದ್ದೆ ಬದು, ತೋಟದ ತೇವದ ನೆಲದಲ್ಲಿ. ಬಸವನಹುಳುವಿಗೂ ಅದೇ ಜಾಗ ಇಷ್ಟ. ಲಿವರ್ ಫ್ಲೂಕಿನ ಗುಳ್ಳೆ ಅಂಟುವುದೂ ಇಂಥ ನೀರಂಚಿನ ಗಿಡಗಳಿಗೇ. ಅಪರೂಪವಾಗಿ ಅದು ಮನುಷ್ಯರಿಗೂ ಬರುತ್ತದೆ.

ತಂಬುಳಿ ಬಿಡಬೇಕಾಗಿಲ್ಲ. ದನ ಓಡಾಡುವ, ನೀರು ನಿಲ್ಲುವ ಜಾಗದ ಎಲೆ ಕೊಯ್ಯಬೇಡಿ. ಮನೆಯ ಕುಂಡದಲ್ಲಿ ಬೆಳೆಸಿಕೊಳ್ಳಿ. ಎಲೆಗಳನ್ನು ಬಿಡಿಬಿಡಿಯಾಗಿ, ಎರಡೂ ಬದಿ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ತುಪ್ಪದಲ್ಲಿ ಬಾಡಿಸಿ ರುಬ್ಬುವ ಪದ್ಧತಿ ಇನ್ನೂ ಒಳ್ಳೆಯದು. ಎಲೆಕೋಸು, ಕೊತ್ತಂಬರಿಯಲ್ಲಿ ಅಕ್ಕಿಕಾಳಿನಷ್ಟು ಸ್ಲಗ್ ಅಡಗಿರಬಹುದು. ಎಲೆ ಬಿಡಿಸಿ ನೋಡಿ. ಉಪ್ಪುನೀರಿನಲ್ಲಿ, ವಿನೆಗರಿನಲ್ಲಿ ನೆನೆಸಿದರೆ ಹುಳ ಖಂಡಿತ ಸಾಯುತ್ತದೆ ಎಂದು ನಂಬಿ ಕೂರಬೇಡಿ.

ಮಗು ಸಾಕುತ್ತೇನೆ ಎಂದು ಹಟ ಹಿಡಿದರೆ

- ಮುಟ್ಟಿದ ಪ್ರತಿ ಸಲ ಸಾಬೂನಿನಿಂದ ಕೈ ತೊಳೆಯಬೇಕು. ಉಗುರಿನ ಸಂದಿಯೂ ಸೇರಿ.
- ಮುಖ, ತುಟಿಯ ಮೇಲೆ ಬಿಡಬಾರದು. ಮುತ್ತು ಕೊಡುವ ಆಟ ಬೇಡ.
- ಕೈಗೆ ಗಾಯವಾಗಿದ್ದರೆ ಮುಟ್ಟಬಾರದು.
- ಡಬ್ಬಿಯನ್ನು ಅಡುಗೆಮನೆಯ ಪಾತ್ರೆಗಳ ಜತೆ ತೊಳೆಯಬಾರದು. ಅಡುಗೆಮನೆಯಲ್ಲಿ ಇಡಲೂಬಾರದು.
- ಡಬ್ಬಿಗೆ ಇಲಿ ಸೇರದಂತೆ ಮುಚ್ಚಳ ಇರಲಿ. ಗಾಳಿಗೆ ಸಣ್ಣ ತೂತು ಸಾಕು.
- ಸತ್ತ ಹುಳುವನ್ನು ಬರಿಗೈಯಲ್ಲಿ ಎತ್ತದೆ ಪ್ಲಾಸ್ಟಿಕ್ ಚೀಲ ಕೈಗೆ ಹಾಕಿಕೊಂಡು ಎತ್ತಿ ಆಳಕ್ಕೆ ಹೂಳಿ. ಕಾಲಲ್ಲಿ ಜಜ್ಜಬೇಡಿ.
- ನಾಯಿಮರಿಗೆ ತಿನ್ನಲು ಬಿಡಬೇಡಿ. ಆಸ್ಟ್ರೇಲಿಯಾದಲ್ಲಿ ಈ ಹುಳುವಿನಿಂದ ಮರಿಗಳ ಹಿಂಗಾಲು ಸ್ವಾಧೀನ ತಪ್ಪಿದ ಪ್ರಕರಣಗಳಿವೆ.
- ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಸಾಕದಿರುವುದೇ ಲೇಸು.

ಯಾವಾಗ ವೈದ್ಯರ ಬಳಿ ಹೋಗಬೇಕು?

ಹುಳು ಹೊಟ್ಟೆಗೆ ಹೋದ ಸಾಮಾನ್ಯವಾಗಿ 1–3 ವಾರದಲ್ಲಿ ಲಕ್ಷಣ ಶುರುವಾಗುತ್ತದೆ. ಬಿಡದ ತಲೆನೋವು, ಕುತ್ತಿಗೆ ಬಿಗಿತ, ವಾಂತಿ, ಸಣ್ಣ ಜ್ವರ ಇರಬಹುದು. ಚರ್ಮದಲ್ಲಿ ಜುಮ್ಮೆನ್ನುವಿಕೆ, ಬಟ್ಟೆ ತಾಗಿದರೂ ಉರಿ ನೋವು ಇದರ ವಿಶೇಷ ಗುರುತು. ಪುಟ್ಟ ಮಕ್ಕಳು ತಲೆನೋವು ಎಂದು ಹೇಳಲಾರರು. ಸುಮ್ಮನೆ ಅಳುವುದು, ವಾಂತಿ, ಮಂಕು ಕವಿದಂತಿರುವುದು ಕಾಣಬಹುದು.

ಮಳೆಗಾಲದಲ್ಲಿ ಜ್ವರ, ತಲೆನೋವು ಬಂದರೆ ಮೊದಲು ಇದನ್ನೇ ಶಂಕಿಸಬೇಕಿಲ್ಲ. ನಮ್ಮ ಕಡೆ ಇಲಿಜ್ವರ, ಡೆಂಗಿ ಇದಕ್ಕಿಂತ ಎಷ್ಟೋ ಸಾಮಾನ್ಯ. ಬೇಸಿಗೆಯ ಕಡೆ ಮಂಗನ ಕಾಯಿಲೆಯೂ ಇದೆ. ಹೆಸರಿನಲ್ಲಿ ಇಲಿ ಇದ್ದರೂ ಇಲಿಜ್ವರ ಬೇರೆ; ಅದು ಇಲಿಯ ಮೂತ್ರದಿಂದ ಬರುವ ಬ್ಯಾಕ್ಟೀರಿಯಾ ಕಾಯಿಲೆ, ಅದಕ್ಕೆ ಆ್ಯಂಟಿಬಯಾಟಿಕ್ ಇದೆ. ಆದರೆ ಬಸವನಹುಳು ಬಾಯಿಗೆ ಹಾಕಿದ್ದು, ಹಸಿ ಮಾಂಸ ತಿಂದದ್ದು ಇದ್ದರೆ ವೈದ್ಯರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ಉಡ ತಿಂದದ್ದನ್ನು ಕೇಸಿನ ಭಯಕ್ಕೆ ಮುಚ್ಚಿಟ್ಟರೆ ರೋಗ ಪತ್ತೆಯಾಗುವುದು ತಡವಾಗುತ್ತದೆ.

ಪತ್ತೆಗೆ ಬೆನ್ನಿನ ನೀರು ತೆಗೆದು ಅದರಲ್ಲಿ ಇಯೋಸಿನೊಫಿಲ್ ಎಷ್ಟಿದೆ ಎಂದು ನೋಡುತ್ತಾರೆ. ಈ ಸೌಲಭ್ಯ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್)‌ನಂಥ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಬೆನ್ನಿನ ನೀರು ತೆಗೆದರೆ ಸೊಂಟ ಹೋಗುತ್ತದೆ ಎಂಬುದೂ ಒಂದು ಸುಳ್ಳು ನಂಬಿಕೆ. ಆ ಭಯಕ್ಕೆ ಪರೀಕ್ಷೆ ಬೇಡ ಎನ್ನಬೇಡಿ. ಚಿಕಿತ್ಸೆಯಲ್ಲಿ ನೋವು ಇಳಿಸುವ ಔಷಧಿ, ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮುಖ್ಯ. ಹೆಚ್ಚಿನವರು ಕೆಲವು ವಾರಗಳಲ್ಲಿ ಗುಣವಾಗುತ್ತಾರೆ. ಹಾಗಾಗಿ ‘ಸಾವು ಖಚಿತ’ ಎಂಬುದು ಸುಳ್ಳು.

ಶಾಲೆಯಲ್ಲಿ ಕೊಡುವ ಜಂತುಹುಳು ಮಾತ್ರೆ ಅಲ್ಬೆಂಡಜೋಲ್ ಇದ್ದರೆ ಸಾಕಲ್ಲವೇ ಎಂದು ಕೇಳಬಹುದು. ಅದು ಕೊಡುವುದು ಕರುಳಿನ ಜಂತಿಗೆ. ಮಿದುಳಿನಲ್ಲಿ ಹುಳುಗಳು ಒಟ್ಟಿಗೆ ಸತ್ತರೆ ಊತ ಹೆಚ್ಚಬಹುದು. ಈ ಕಾಯಿಲೆಗೆ ಅದನ್ನು ಕೊಡಬೇಕೇ ಬೇಡವೇ ಎಂದು ವೈದ್ಯರೇ ನಿರ್ಧರಿಸಬೇಕು. ಸಲಹೆಗೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಬಹುದು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

- ಮುಟ್ಟಿದರೆ ಸಾವು — ಸುಳ್ಳು. ಮುಟ್ಟಿದ ಕೈ ತೊಳೆಯಿರಿ.
- ಹಸಿಯಾಗಿ ನುಂಗಿದರೆ ಔಷಧಿ — ಸುಳ್ಳು, ಅಪಾಯಕಾರಿ.
- ಲೋಳೆ ನೇರವಾಗಿ ಮುಖಕ್ಕೆ ಹಚ್ಚಬಹುದು — ಬೇಡ.
- ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ — ಸುಳ್ಳು.
- ಹಸಿ ಸೊಪ್ಪು ಎಲೆ ಎಲೆಯಾಗಿ ತೊಳೆಯಬೇಕು — ನಿಜ.
- ದನದ ಗೊರಕೆ, ಗದ್ದದ ಬಾವಿಗೆ ನೀರಿನ ಬಸವನಹುಳು ಕಾರಣ ಇರಬಹುದು — ನಿಜ. ಪಶು ವೈದ್ಯರಿಗೆ ತೋರಿಸಿ.